ಅಳೆದರಾಯಿತೆ? ಕಲಿಸುವದೆಂದು?

ಶಾಲೆಯ ದಾಖಲೆಗಳನ್ನು ಯಂತ್ರಕ್ಕೆ ಒಪ್ಪಿಸಿದೊಡನೆ ಶಿಕ್ಷಣವು ಸುಧಾರಿಸಿತೆಂಬ ಭ್ರಮೆಯು ನಮ್ಮಲ್ಲಿ ಬೇರೂರುತ್ತಲಿರುವದು. ಕರ್ನಾಟಕದಲ್ಲಿ ‘ಸ್ಯಾಟ್ಸ್’ ಎಂಬ ಗಣಕ ವ್ಯವಸ್ಥೆಯೊಳಗೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಸಂಖ್ಯೆಯುಂಟು. ದಾಖಲಾತಿ, ಅಂಕ, ವರ್ಗಾವಣೆಗಳೆಲ್ಲವೂ ಅದರಡಿಯಲ್ಲಿ ಸೇರುವವು. ಮಗುವು ಊರು ಬಿಟ್ಟು ಊರಿಗೆ ಹೋದರೂ ಅದರ ಗುರುತು ಅಳಿಯದೆಂಬುದು ಸಣ್ಣ ಉಪಕಾರವಲ್ಲ. ಆದರೆ ಗುರುತು ಉಳಿದ ಮಾತ್ರಕ್ಕೆ ವಿದ್ಯೆಯು ಬೆಳೆದೀತೆ?

2009ರ ಶಿಕ್ಷಣ ಹಕ್ಕಿನ ಕಾಯಿದೆಯ 24ನೆಯ ಕಲಮನ್ನು ವಾಚಕರು ನೋಡಬೇಕು. ಪ್ರತಿಯೊಂದು ಮಗುವಿನ ಕಲಿಕೆಯ ಶಕ್ತಿಯನ್ನು ಅರಿತು, ಅದಕ್ಕೆ ತಕ್ಕಂತೆ ಹೆಚ್ಚಿನ ಪಾಠವನ್ನು ಒದಗಿಸುವದು ಶಿಕ್ಷಕನ ಕರ್ತವ್ಯವೆಂದು ಅದು ವಿಧಿಸಿರುವದು. ಅಳೆಯುವದೂ ಆಸರೆಯಾಗುವದೂ ಅಲ್ಲಿ ಒಂದೇ ಕರ್ತವ್ಯ. ಪೂರ್ವಾರ್ಧವನ್ನು ಯಂತ್ರಕ್ಕೆ ವಹಿಸಿ ಉತ್ತರಾರ್ಧವನ್ನು ಮರೆತರೆ ಕಾಯಿದೆಯನ್ನು ಪಾಲಿಸಿದಂತಾಗಲಿಲ್ಲ.

ಎರಡೂ ಕೂಡಿದಲ್ಲಿ ಏನಾಗುವದೆಂಬುದಕ್ಕೆ ದಿಲ್ಲಿಯಲ್ಲಿ 2015ರಲ್ಲಿ ಆರಂಭವಾದ ಪ್ರಯೋಗವು ಸಾಕ್ಷಿ. ಅರ್ಜಿದಾರರಾದ 600ಕ್ಕೂ ಹೆಚ್ಚು ಮಕ್ಕಳಲ್ಲಿ ಚೀಟಿಯೆತ್ತಿ ಅರ್ಧದಷ್ಟು ಜನರಿಗೆ ಶಾಲೆಯ ಬಳಿಕ ಪಾಠದ ಅವಕಾಶವನ್ನು ಕೊಡಲಾಯಿತು. ದಿನಕ್ಕೆ 45 ನಿಮಿಷ ‘ಮೈಂಡ್‌ಸ್ಪಾರ್ಕ್’ ಎಂಬ ಗಣಕಪಾಠ, 45 ನಿಮಿಷ ಸಣ್ಣ ಗುಂಪಿನಲ್ಲಿ ಸಹಾಯಕರ ಬೋಧನೆ. 6ನೆಯ ಇಯತ್ತೆಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ಇಯತ್ತೆ ಹಿಂದೆ ಬಿದ್ದಿದ್ದರು. ಯಂತ್ರವು ತಪ್ಪನ್ನು ಗುರುತಿಸಿ ಬರೆದಿಟ್ಟು ಸುಮ್ಮನಾಗಲಿಲ್ಲ. ಮಗುವು ನಿಂತಲ್ಲಿಂದಲೇ ಪಾಠವನ್ನಾರಂಭಿಸಿತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲಿಯೂ ಈ ಮಕ್ಕಳು ಉಳಿದವರನ್ನು ಸ್ಪಷ್ಟವಾಗಿ ಮೀರಿಸಿದರು. ಅವಕಾಶ ಸಿಗದವರಲ್ಲಿ ಅತಿ ಹಿಂದುಳಿದ ಮೂರನೆಯ ಒಂದು ಭಾಗದ ಮಕ್ಕಳಾದರೋ, ನಿತ್ಯವೂ ಶಾಲೆಯ ಪಟ್ಟಿಯಲ್ಲಿದ್ದೂ ಆ ಅವಧಿಯಲ್ಲಿ ಏನೂ ಮುಂದುವರಿಯಲಿಲ್ಲ! ಪಠ್ಯಪುಸ್ತಕವು ಮುಂದೆ ಸಾಗಿತು, ಮಗುವು ನಿಂತಲ್ಲಿಯೇ ನಿಂತಿತು.

ಆದಕಾರಣ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಪರೀಕ್ಷೆಯ ಫಲವು ಮೊದಲು ಮೇಲಿನ ಕಚೇರಿಗಲ್ಲ, ತರಗತಿಯ ಶಿಕ್ಷಕನ ಕೈಗೆ, ಅದೇ ವಾರದಲ್ಲಿ ಮುಟ್ಟಲಿ. ಅಂಕಿಗಳನ್ನು ತುಂಬುವ ಭಾರವನ್ನು ಇಳಿಸಿ, ಹಿಂದುಳಿದವರಿಗೆ ಕಲಿಸಲು ನಿತ್ಯ ಒಂದು ತಾಸನ್ನು ಅವನಿಗೆ ಬಿಟ್ಟುಕೊಡಲಿ. ಹಿಂದುಳಿದವರ ಪಟ್ಟಿಯು ಶಿಕ್ಷಕನನ್ನು ದಂಡಿಸುವ ಸಾಧನವಾಗದಿರಲಿ. ಆದರೆ ಭಯದಿಂದ ಬರೆದ ಅಂಕಿಗಳೇ ಕಚೇರಿಯನ್ನು ಸೇರುವವು, ಓದಲಾರದ ಮಗುವು ಕಾಗದದ ಮೇಲೆ ತೇರ್ಗಡೆಯಾಗುವದು. ರೋಗಿಯ ಜ್ವರವನ್ನು ದಿನಕ್ಕೆ ನಾಲ್ಕು ಸಲ ಅಳೆದು ಔಷಧವನ್ನೇ ಕೊಡದ ವೈದ್ಯನನ್ನು ಯಾರು ತಾನೆ ಮೆಚ್ಚುವರು?