ಬುತ್ತಿಯಿಂದ ಆನ್‌ಲೈನ್ ಆಹಾರ ಪೂರೈಕೆಯವರೆಗೆ: ಬಳ್ಳಾರಿ ಪರಿಸರದಲ್ಲಿ ಉಣ್ಣುವವರ ತೃಪ್ತಿ

ಪೀಠಿಕೆ

ಬಳ್ಳಾರಿ ನಗರದ ಗಾಂಧಿನಗರದಂತಹ ಬಡಾವಣೆಗಳಲ್ಲಿ, ಬೆನ್ನಿಗೆ ಚೌಕಾಕಾರದ ಚೀಲ ಹೊತ್ತು ಮನೆಯ ವಿಳಾಸ ಹುಡುಕುವ ಯುವಕರು ಇಂದು ನಿತ್ಯದ ನೋಟವಾಗಿದ್ದಾರೆ. 2008ರಲ್ಲಿ ಹೋಟೆಲುಗಳ ಮಾಹಿತಿ ನೀಡುವ ತಾಣವಾಗಿ ಹುಟ್ಟಿದ ಜೊಮ್ಯಾಟೊ 2015ರಲ್ಲಿ ಆಹಾರ ಪೂರೈಕೆಗೆ ಇಳಿಯಿತು. ಸ್ವಿಗ್ಗಿ 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮಹಾನಗರಗಳಲ್ಲಿ ಬೇರೂರಿದ ಈ ಸೇವೆಗಳು ಕ್ರಮೇಣ ಜಿಲ್ಲಾ ಕೇಂದ್ರಗಳಿಗೂ ವಿಸ್ತರಿಸಿದವು. ವಾಣಿಜ್ಯ ಅಧ್ಯಯನಗಳು ಈ ಸೇವೆಯನ್ನು ‘ಗ್ರಾಹಕ ತೃಪ್ತಿ’ ಎಂಬ ಅಳತೆಗೋಲಿನಿಂದ ನೋಡುತ್ತವೆ. ಅನ್ನವನ್ನು ದೂರಕ್ಕೆ ಒಯ್ದು ಉಣಿಸುವ ಪರಂಪರೆ ನಮ್ಮ ಜನಪದರಿಗೆ ಹೊಸದಲ್ಲ. ಆ ಪರಂಪರೆಯ ಬೆಳಕಿನಲ್ಲಿ ಈ ತೃಪ್ತಿಯ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತೃಪ್ತಿಯ ಎರಡು ಅಳತೆಗಳು

ನಿರೀಕ್ಷೆಗೂ ಅನುಭವಕ್ಕೂ ನಡುವಿನ ಅಂತರವೇ ತೃಪ್ತಿಯನ್ನು ನಿರ್ಧರಿಸುತ್ತದೆಂದು ರಿಚರ್ಡ್ ಆಲಿವರ್ 1980ರಲ್ಲಿ ಪ್ರತಿಪಾದಿಸಿದರು. 1988ರಲ್ಲಿ ಪರಶುರಾಮನ್, ಝೀತಮಲ್ ಹಾಗೂ ಬೆರ್ರಿ ಸೇವೆಯ ಗುಣಮಟ್ಟವನ್ನು ಐದು ಅಂಶಗಳಲ್ಲಿ ಗುರುತಿಸಿದರು: ಕಣ್ಣಿಗೆ ಕಾಣುವ ಅಚ್ಚುಕಟ್ಟು, ನಂಬಿಕಾರ್ಹತೆ, ತ್ವರಿತ ಸ್ಪಂದನೆ, ಭರವಸೆ ಮತ್ತು ಸಹಾನುಭೂತಿ. ಆನ್‌ಲೈನ್ ಸೇವೆಯಲ್ಲಿ ಇವೆಲ್ಲವೂ ಕೊನೆಗೆ ಐದು ನಕ್ಷತ್ರಗಳಿಗೆ ಇಳಿಯುತ್ತವೆ.

ಜನಪದರ ಅಳತೆ ಬೇರೆ. ಉಣ್ಣುವವನು ಕೈ ಅಡ್ಡ ಹಿಡಿದು ‘ಸಾಕ್ರಿ’ ಎನ್ನುವವರೆಗೆ, ಎಂದ ಮೇಲೂ ‘ಇನ್ನೊಂದು ರೊಟ್ಟಿ ಹಾಕಿಸ್ಕೊಳ್ರಿ’ ಎಂದು ಒತ್ತಾಯಿಸುವವರೆಗೆ ಊಟ ಮುಗಿಯುವುದಿಲ್ಲ. ಇಲ್ಲಿ ತೃಪ್ತಿ ಉಂಡವನದಷ್ಟೇ ಅಲ್ಲ, ಉಣಿಸಿದವರದೂ ಹೌದು. ಇದು ಮನೆಗೆ ಮಾತ್ರ ಸೀಮಿತವಾದ ನಡತೆಯೂ ಅಲ್ಲ. ಹಣ ಪಡೆದು ಊಟ ನೀಡುವ ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿಯೂ ಈ ಒತ್ತಾಯದ ಉಪಚಾರ ಉಳಿದುಬಂದಿದೆ. ತಿಂಗಳ ಲೆಕ್ಕದಲ್ಲಿ ಉಣ್ಣುವ ನೌಕರ, ವಿದ್ಯಾರ್ಥಿಗಳ ರುಚಿಯನ್ನು ಬಡಿಸುವವರು ಅರಿತಿರುತ್ತಾರೆ. ದೂರು ಅಲ್ಲಿಯೇ ಹೇಳಲ್ಪಡುತ್ತದೆ, ಅಲ್ಲಿಯೇ ಪರಿಹಾರವಾಗುತ್ತದೆ. ಆದ್ದರಿಂದ ಖಾನಾವಳಿಯನ್ನು ಮನೆಯೂಟಕ್ಕೂ ಆನ್‌ಲೈನ್ ಊಟಕ್ಕೂ ನಡುವಿನ ಕೊಂಡಿಯೆಂದು ಪರಿಗಣಿಸಬಹುದು.

ಬುತ್ತಿಯ ತಿಳಿವಳಿಕೆ

ಹೊಲಕ್ಕೆ ಒಯ್ಯುವ ಬುತ್ತಿ, ಜಾತ್ರೆಯ ಬುತ್ತಿ, ಬಸುರಿ ಮಗಳಿಗೆ ಕುಬುಸದ ಸಂದರ್ಭದಲ್ಲಿ ತವರಿನವರು ತರುವ ಬುತ್ತಿ ಹೀಗೆ ಇದರಲ್ಲಿ ಹಲವು ಬಗೆಗಳಿವೆ. ಇವೆಲ್ಲವುಗಳ ಹಿಂದೆ ದೂರ, ಕಾಲ ಮತ್ತು ಬಿಸಿಲನ್ನು ಲೆಕ್ಕ ಹಾಕಿದ ಜ್ಞಾನವಿದೆ. ನೀರಿನಂಶ ಕಳೆದುಕೊಂಡ ಖಡಕ್ ರೊಟ್ಟಿ ಬಹುದಿನ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ ಅದಕ್ಕೆ ಜೊತೆ. ಹುಳಿಯಿರುವ ಪುಂಡಿಪಲ್ಯ ಮರುದಿನಕ್ಕೂ ರುಚಿಗೆಡದು. ಮೊಸರು ಕಲಸಿದ ಅನ್ನ ಬಿಸಿಲಿನ ದಾರಿಗೆ ತಂಪು. ಅಂದರೆ ಯಾವ ಅಡುಗೆ ಪಯಣಕ್ಕೆ ತಾಳುತ್ತದೆ ಎಂಬುದನ್ನು ತಿಳಿದೇ ಬುತ್ತಿ ಕಟ್ಟಲಾಗುತ್ತಿತ್ತು.

ಆನ್‌ಲೈನ್ ಪಟ್ಟಿಯಲ್ಲಿ ಈ ವಿವೇಚನೆಗೆ ಅವಕಾಶ ಕಡಿಮೆ. ಬಳ್ಳಾರಿ ಹಾಗೂ ನೆರೆಯ ರಾಯಲಸೀಮೆಗಳ ಮೆಚ್ಚಿನ ತಿನಿಸಾದ ಉಗ್ಗಾಣಿ-ಬಜ್ಜಿಯನ್ನೇ ಗಮನಿಸಬಹುದು. ಬಾಣಲೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿಯನ್ನು ಡಬ್ಬಿಯಲ್ಲಿ ಮುಚ್ಚಿದಾಗ ಅದರ ಹಬೆಯೇ ನೀರಾಗಿ ಗರಿಗರಿತನವನ್ನು ಕೆಡಿಸುತ್ತದೆ. ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ ತಡವಾದಷ್ಟೂ ತನ್ನ ಹದ ಕಳೆದುಕೊಳ್ಳುತ್ತದೆ. ಅಡುಗೆಯವನ ಕೈಯಲ್ಲಾಗಲಿ ತಂದುಕೊಟ್ಟವನಲ್ಲಾಗಲಿ ದೋಷವಿಲ್ಲದಿದ್ದರೂ ಗ್ರಾಹಕನು ಅತೃಪ್ತನಾಗುವುದು ಇಂತಹ ಕಡೆಗಳಲ್ಲಿ.

ವಿಳಾಸ ಮತ್ತು ಬಾಯ್ಮಾತಿನ ಭೂಗೋಳ

ಉಪಗ್ರಹ ಆಧಾರಿತ ನಕ್ಷೆ ಬೀದಿಯವರೆಗೆ ದಾರಿ ತೋರಿಸಿದರೂ ಮನೆಯ ಬಾಗಿಲನ್ನು ತೋರಿಸುವುದು ಹಲವು ಬಾರಿ ಬಾಯ್ಮಾತೇ. ‘ಗುಡಿ ದಾಟಿ ಬರ್ರಿ, ಬೇವಿನ ಗಿಡದ ಎದುರಿಗೆ’ ಎಂಬಂತಹ ದೂರವಾಣಿಯ ಮಾತುಗಳಲ್ಲಿ ಗುಡಿ, ಮರ, ಕಿರಾಣಿ ಅಂಗಡಿಗಳನ್ನು ಗುರುತಾಗಿಸಿಕೊಂಡ ಹಳೆಯ ಸ್ಥಳಜ್ಞಾನ ಜೀವಂತವಾಗಿದೆ. ಸಕಾಲಕ್ಕೆ ಊಟ ತಲುಪುವುದರಲ್ಲಿ ಈ ಮೌಖಿಕ ಸಂವಹನದ ಪಾಲು ಗಣನೀಯವಾದುದು.

ಹೊತ್ತು ತರುವವನ ಸ್ಥಾನ

ಬುತ್ತಿ ಹೊತ್ತು ತಂದವರು ಆ ಊಟದ ಪಂಕ್ತಿಯಲ್ಲಿ ಪಾಲುದಾರರು. ಬಿಸಿಲಿನಲ್ಲಿ ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವುದು ಈ ಸೀಮೆಯ ರೂಢಿ. ಆನ್‌ಲೈನ್ ವ್ಯವಸ್ಥೆಯಲ್ಲಿ ತರುವವನು ಹೊಸ್ತಿಲಿನ ಹೊರಗೇ ಉಳಿಯುತ್ತಾನೆ. ಉಷ್ಣಾಂಶ 40 ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿಯೂ ಅವನ ಕೆಲಸವನ್ನು ಅಳೆಯುವುದು ನಿಮಿಷ ಮತ್ತು ನಕ್ಷತ್ರಗಳೇ. ಹೋಟೆಲಿನ ತಡ, ಬಜ್ಜಿಯ ಮೆತ್ತಗಾಗುವಿಕೆಗಳ ಅಸಮಾಧಾನವೂ ಕೆಲವೊಮ್ಮೆ ಅವನ ಮೇಲೆಯೇ ಬೀಳುತ್ತದೆ.

ಗ್ರಾಹಕರ ಹಿತಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು 2020ರ ಇ-ವಾಣಿಜ್ಯ ನಿಯಮಗಳಿವೆ. ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ಆ ನಿಯಮಗಳು ವಿಧಿಸುತ್ತವೆ. ದುಡಿಯುವವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆಯನ್ನು ರೂಪಿಸಿ, ಕಂಪನಿಗಳಿಂದ ಕ್ಷೇಮಾಭಿವೃದ್ಧಿ ಶುಲ್ಕ ಸಂಗ್ರಹಿಸಲು ಅವಕಾಶ ಕಲ್ಪಿಸಿದೆ. ಊಟದ ವ್ಯವಹಾರದಲ್ಲಿ ತರುವವನೂ ಲೆಕ್ಕಕ್ಕೆ ಸೇರಬೇಕೆಂಬ ಜನಪದ ನ್ಯಾಯವನ್ನು ಇದರಲ್ಲಿ ಗುರುತಿಸಬಹುದು.

ಉಪಸಂಹಾರ

ಒಟ್ಟಿನಲ್ಲಿ, ಆನ್‌ಲೈನ್ ಸೇವೆಯು ಅಡುಗೆ ಮಾಡಲಾಗದ ವೃದ್ಧರಿಗೆ, ಒಂಟಿಯಾಗಿರುವ ನೌಕರರಿಗೆ, ಹೊತ್ತಲ್ಲದ ಹೊತ್ತಿನಲ್ಲಿ ದುಡಿಯುವವರಿಗೆ ನಿಜವಾದ ಅನುಕೂಲವನ್ನು ಒದಗಿಸಿದೆ. ಅದನ್ನು ಪರಂಪರೆಯ ಶತ್ರುವೆಂದು ಭಾವಿಸಬೇಕಾಗಿಲ್ಲ. ಆದರೆ ಕೊಂಡವನೊಬ್ಬನನ್ನೇ ಪ್ರಶ್ನಿಸಿ ಪಡೆದ ತೃಪ್ತಿಯ ಲೆಕ್ಕ ಅಪೂರ್ಣ. ಬೇಯಿಸಿದವರು, ಹೊತ್ತು ತಂದವರು, ಉಂಡವರು ಈ ಮೂವರನ್ನೂ ಒಳಗೊಂಡ ಅಳತೆಯನ್ನು ಜನಪದರು ಬುತ್ತಿಯಲ್ಲಿ ಕಟ್ಟಿಕೊಟ್ಟಿದ್ದಾರೆ. ಮುಂದಿನ ಅಧ್ಯಯನಗಳು ತಮ್ಮ ಪ್ರಶ್ನಾವಳಿಗಳನ್ನು ಆ ದಿಕ್ಕಿನಲ್ಲಿ ವಿಸ್ತರಿಸಿಕೊಳ್ಳುವುದು ಅಗತ್ಯ.