ಮಾರ್ಟಿನಿಗೆ ಯಾವ ಜಿನ್, ಎಳನೀರಿಗೆ ಯಾವುದು? ಬಾಟಲ್ ಕೊಳ್ಳೋ ಮುಂಚೆ ಲೇಬಲ್ ನೋಡಿ

ತುಮಕೂರು: ವೈನ್ ಶಾಪಿನಲ್ಲಿ "ಜಿನ್ ಕೊಡಿ" ಅಂದ್ರೆ ಸಿಗೋ ಬಾಟಲ್‌ಗಳು ಹೆಚ್ಚು ಕಡಿಮೆ ನೀರಿನ ಬಣ್ಣದವೇ. ರುಚಿ ಮಾತ್ರ ಬೇರೆ ಬೇರೆ.

ಜಿನ್‌ಗೆ ಆ ಘಮ ಬರುವುದು ಜುನಿಪರ್ ಎಂಬ ಕಾಯಿಯಿಂದ. 'ಲಂಡನ್ ಡ್ರೈ' ಆಗಬೇಕಾದರೆ, ಯುರೋಪಿನ ನಿಯಮದಂತೆ, ಜುನಿಪರ್, ಕೊತ್ತಂಬರಿ ಬೀಜದಂಥವನ್ನು ಸ್ಪಿರಿಟ್ ಜೊತೆಗೇ ಬಟ್ಟಿ ಇಳಿಸಬೇಕು. ಆಮೇಲೆ ಎಸೆನ್ಸ್, ಬಣ್ಣ ಸೇರಿಸುವಂತಿಲ್ಲ.

ಮಾರ್ಟಿನಿಯಲ್ಲಿ ಜಿನ್, ಸ್ವಲ್ಪ ಡ್ರೈ ವರ್ಮೂತ್ ಬಿಟ್ಟರೆ ಹೆಚ್ಚೇನೂ ಇರಲ್ಲ. ಜಿನ್ ಚೆನ್ನಾಗಿಲ್ಲದಿದ್ದರೆ ಮೊದಲ ಗುಟುಕಿಗೇ ಗೊತ್ತಾಗುತ್ತೆ. ಇದಕ್ಕೆ ಲಂಡನ್ ಡ್ರೈ ಸರಿ. ಗೋವಾದ 'ಗ್ರೇಟರ್ ದ್ಯಾನ್' ಈ ಬಗೆಯದ್ದು. ಟಾನಿಕ್, ನಿಂಬೆ ಸೋಡಾ ಅಥವಾ ಗುಬ್ಬಿ ಕಡೆಯ ಎಳನೀರಿಗೆ ಬೆರೆಸೋದಾದರೆ ದುಬಾರಿ ಬಾಟಲ್‌ಗೆ ದುಡ್ಡು ಸುರಿಯೋದು ದಂಡ.

ಆದರೆ ಎಳನೀರಲ್ಲಿ ಬೆರೆತರೆ ಖಾರ ಗೊತ್ತಾಗಲ್ಲ. ಇಲ್ಲಿನ ಜಿನ್‌ನಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್. 60 ಎಂಎಲ್‌ನ ಒಂದು ಲಾರ್ಜ್‌ಗೇ, 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿ ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ.

ಕುಣಿಗಲ್‌ನಲ್ಲಿ ಪಾರ್ಟಿ ಮುಗಿಸಿ ತುಮಕೂರಿಗೆ ಬೈಕ್ ಓಡಿಸೋರು ಬರೀ ಎಳನೀರು ಕುಡಿಯೋದೇ ವಾಸಿ.