ಡಿಮ್ ಕರೆಂಟಿನ ಊರಲ್ಲಿ ಮಿಕ್ಸಿಯ ಬಾಳಿಕೆ

ಬಾಬಾಬುಡನ್‌ಗಿರಿಯ ಸಾಲು ಬೆನ್ನಿಗೇ ಇದ್ದರೂ ಎಮ್ಮೆದೊಡ್ಡಿ ಮಲೆನಾಡಲ್ಲ. ಮೋಡಗಳು ಬೆಟ್ಟದ ಆಚೆಯೇ ಸುರಿದು ಹಗುರಾಗುತ್ತವೆ, ಈಚೆಗೆ ದಾಟುವುದು ಹೆಚ್ಚಾಗಿ ಗಾಳಿ. ಗಿರಿಯಿಂದ ಇಳಿದ ನೀರು ಹತ್ತಿರದ ಮದಗದಕೆರೆಯನ್ನು ತುಂಬಿಸಿ ಕೋಡಿ ಹರಿಸಿದರೆ ಕಡೂರು ತಾಲ್ಲೂಕಿಗೆಲ್ಲ ಅದೊಂದು ಸುದ್ದಿ. ಮಿಕ್ಕಂತೆ ಇಲ್ಲಿ ಕುರುಚಲು ಕಾಡು, ರಾಗಿ ಹೊಲ, ತೆಂಗು, ಅಲ್ಲಲ್ಲಿ ಅಡಿಕೆ, ಎಲ್ಲದರ ನಡುವೆ ಬೋರ್‌ವೆಲ್ಲು. ಕಂಬದಿಂದ ಕಂಬಕ್ಕೆ ಜೋತುಬಿದ್ದ ತಂತಿಯ ಜಾಡು ಹಿಡಿದು ನಡೆದರೆ ಕೊನೆಗೊಂದು ತೋಟದ ಮನೆ ಸಿಗುತ್ತದೆ. ಆ ಮನೆಯೊಳಗೆ ಫ್ರಿಜ್ಜು, ಮಿಕ್ಸಿ, ಟಿ.ವಿ., ವಾಷಿಂಗ್ ಮಷಿನ್ನು ಎಲ್ಲವೂ ಇವೆ.

ಸಂಜೆ ಏಳರ ಹೊತ್ತಿಗೆ ಆ ಮನೆಯ ಫ್ಯಾನನ್ನು ನೋಡಬೇಕು. ಮೂರೂ ರೆಕ್ಕೆ ಎಣಿಸುವಷ್ಟು ನಿಧಾನ. ಗುಂಡು ಬಲ್ಬಿನ ಕಾಲದಲ್ಲಿ ಕರೆಂಟು ಡಿಮ್ಮಾದರೆ ಬೆಳಕು ಕೆಂಪಗಾಗಿ ಮನೆಮಂದಿಗೆಲ್ಲ ಗೊತ್ತಾಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬು ಅರ್ಧ ವೋಲ್ಟೇಜಿಗೂ ಬೆಳ್ಳಗೇ ಉರಿಯುತ್ತದೆ, ಏನೂ ಆಗಿಲ್ಲವೆಂಬಂತೆ. ಹಾಗಾಗಿ ಫ್ಯಾನೇ ಇಲ್ಲಿ ವೋಲ್ಟ್ ಮೀಟರು. ಅದು ತೂಗಡಿಸಿದರೆ ಬಲ್ಲ ಗೃಹಿಣಿ ಮಿಕ್ಸಿಯ ಕಡೆ ಕೈ ಚಾಚುವುದಿಲ್ಲ, ಫ್ರಿಜ್ಜಿನ ಸ್ವಿಚ್ಚು ಆರಿಸುತ್ತಾಳೆ. ಕಂಪನಿಯವರು ಡಬ್ಬದೊಳಗೆ ಇಟ್ಟುಕೊಟ್ಟ ಪುಸ್ತಕದಲ್ಲಿ ಫ್ಯಾನ್ ನೋಡಿ ಫ್ರಿಜ್ ಆರಿಸಿ ಎಂಬ ಮಾತಿಲ್ಲ. 230 ವೋಲ್ಟು ಸದಾ ಬರುವ ಮನೆಗೆಂದು ಬರೆದ ಪುಸ್ತಕ ಅದು.

ಪಂಪ್‌ಸೆಟ್ಟಿಗೊಂದು, ಮನೆಗಳಿಗೊಂದು ಎಂದು ಲೈನು ಬೇರೆ ಮಾಡಿದ ‘ನಿರಂತರ ಜ್ಯೋತಿ’ ಯೋಜನೆಯಿಂದ ಊರೊಳಗಿನ ಮನೆಗಳ ಪಾಡು ಸುಧಾರಿಸಿತು. ಹೊಲದ ನಡುವಿನ ಮನೆಗಳದು ಬೇರೆ ಕಥೆ. ರಾಜ್ಯದ ಎಷ್ಟೋ ತೋಟದ ಮನೆಗಳು ಇನ್ನೂ ಪಂಪ್‌ಸೆಟ್ಟಿನ ಲೈನಿಗೇ ಅಂಟಿಕೊಂಡಿವೆ. ತ್ರೀ ಫೇಸ್ ಬಂದೊಡನೆ ಸುತ್ತಲಿನ ಮೋಟರುಗಳು ಒಟ್ಟಿಗೇ ಗುಡುಗುತ್ತವೆ. ಆ ಮೊದಲ ಕೆಲವು ನಿಮಿಷ ಮನೆಯ ಯಂತ್ರಗಳಿಗೆ ಕಂಟಕ. ವೋಲ್ಟೇಜು ಕುಸಿದಾಗ ಫ್ರಿಜ್ಜಿನ ಕಂಪ್ರೆಸರು ತಿರುಗಲಾರದೆ ಉಂ ಎಂದು ಹೆಣಗುತ್ತದೆ, ಹೆಚ್ಚು ಕರೆಂಟು ಎಳೆದುಕೊಳ್ಳುತ್ತದೆ, ಒಳಗಿನ ಕಾಯಿಲ್ ಕಾಯುತ್ತದೆ. ಕರೆಂಟು ಹೋಗಿ ತಕ್ಷಣ ಮರಳಿದರೂ ಕಷ್ಟವೇ. ಒಳಗಿನ ಅನಿಲದ ಒತ್ತಡ ಎರಡೂ ಕಡೆ ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಅಷ್ಟು ಹೊತ್ತು ತಡೆದು ಕರೆಂಟು ಬಿಡುವ ಸ್ಟೆಬಿಲೈಸರು ಕೊಳ್ಳುವುದು ಹೊಸ ಕಂಪ್ರೆಸರು ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಗೆ ಯುಗಾದಿಯ ಮಾರನೆಯ ದಿನ ಹೋಗಿ ನಿಲ್ಲಿ. ಕಟ್ಟೆಯ ಮೇಲೆ ಸಾಲಾಗಿ ಮಿಕ್ಸಿಗಳು, ಪ್ರತಿಯೊಂದಕ್ಕೂ ಹೆಸರು ಬರೆದ ಚೀಟಿ. ಮೂಲೆಯಲ್ಲಿ ಹೊಲದಿಂದ ಬಂದ ಮೋಟರು ಹೊಟ್ಟೆ ಬಿಚ್ಚಿಕೊಂಡು ಕೂತಿದೆ, ಅದರ ಸುಟ್ಟ ತಾಮ್ರದ ತಂತಿ ಕಪ್ಪು ಸಿಕ್ಕಾಗಿ ನೆಲದ ಮೇಲೆ ಬಿದ್ದಿದೆ. ವಾರ್ನಿಷಿನ ಘಾಟು, ಸೋಲ್ಡರಿನ ಹೊಗೆ, ಪಕ್ಕದ ಹೋಟೆಲಿನ ಒಗ್ಗರಣೆ, ಎಲ್ಲ ಒಂದೇ ಉಸಿರಿನಲ್ಲಿ ಮೂಗಿಗೆ ಬರುತ್ತವೆ.

‘ಏನ್ ರುಬ್ಬಿದ್ರಿ ಅಕ್ಕಾ?’

‘ಒಬ್ಬಟ್ಟಿನ ಹೂರಣ ಕಣಣ್ಣ.’

‘ನೀರು ಹಾಕಿದ್ರಾ?’

‘ಹೂರಣಕ್ಕೆ ನೀರು ಹಾಕಿದ್ರೆ ಒಬ್ಬಟ್ಟಾಯ್ತದಾ?’

ಅಂಗಡಿಯವನ ಬಳಿ ಇದಕ್ಕೆ ಉತ್ತರವಿಲ್ಲ. ಆತ ಮಿಕ್ಸಿಯನ್ನು ಮಗುಚಿ ತಳದ ಕೆಂಪು ಗುಂಡಿಯನ್ನು ಒತ್ತುತ್ತಾನೆ. ಕೆಲವು ಮಿಕ್ಸಿಗಳು ಅಲ್ಲೇ ಜೀವ ಪಡೆದು ಗರ್ರೆನ್ನುತ್ತವೆ. ಹೊರೆ ಹೆಚ್ಚಾದಾಗ ತಾನೇ ಹಾರಿಕೊಳ್ಳುವ ಗುಂಡಿ ಅದು. ಅರ್ಧ ಗಂಟೆ ತಣಿಯಲು ಬಿಟ್ಟು ಮನೆಯಲ್ಲೇ ಒತ್ತಿದ್ದರೆ ಬಸ್ ಚಾರ್ಜು ಉಳಿಯುತ್ತಿತ್ತು. ಇನ್ನು ಕೆಲವಕ್ಕೆ ಕಾರ್ಬನ್ ಬ್ರಷ್ ಸವೆದಿರುತ್ತದೆ, ಸಣ್ಣ ಖರ್ಚಿನ ಕೆಲಸ. ಜಾರಿನಡಿಯ ಕಪ್ಲರು ಹಲ್ಲು ಮುರಿದುಕೊಂಡಿದ್ದರೆ ಬೈಯಬಾರದು. ಮೋಟರು ಉಳಿಯಲೆಂದೇ ಅದನ್ನು ಮೆತ್ತಗೆ ಮಾಡಿರುವುದು. ಜಾರಿನ ತಳದಿಂದ ಕಪ್ಪು ನೀರು ಜಿನುಗುವುದು ಕಂಡೂ ವಾರಗಟ್ಟಲೆ ರುಬ್ಬಿದವರದು ಮಾತ್ರ ಕೆಟ್ಟ ಕೇಸು. ಬುಷ್ ಸವೆದು ಇಳಿದ ನೀರು ಮೋಟರಿಗೇ ಸೇರಿರುತ್ತದೆ.

ನಮ್ಮ ಅಡುಗೆಗೂ ಮಿಕ್ಸಿಗೂ ಈ ಜಗಳ ಹಳೆಯದು. 1960ರ ದಶಕದಲ್ಲಿ ಮುಂಬೈನ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ‘ಸುಮೀತ್’ ಮಿಕ್ಸಿ ಮಾಡಲು ಹೊರಟಿದ್ದೇ ಹೆಂಡತಿಯ ಜರ್ಮನಿ ಮಿಕ್ಸರು ಕೆಟ್ಟು ನಿಂತದ್ದರಿಂದ. ಹಣ್ಣಿನ ರಸಕ್ಕೆಂದು ಮಾಡಿದ ಯಂತ್ರಕ್ಕೆ ನಮ್ಮ ಒಣಮೆಣಸಿನಕಾಯಿ, ನೆನೆದ ಬೇಳೆ ದಕ್ಕಲಿಲ್ಲ. ದೇಶಿ ಮಿಕ್ಸಿಗೂ ಹೂರಣ ಸುಲಭದ್ದಲ್ಲ. ಬೇಳೆಯನ್ನು ಬಿಸಿಯಿರುವಾಗಲೇ ಸೌಟಿನಿಂದ ಮಸೆದು, ಜಾರಿಗೆ ಅರ್ಧಕ್ಕಿಂತ ಕಡಿಮೆ ಹಾಕಿ, ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿದರೆ ಹಬ್ಬ ಮುಗಿಯುವವರೆಗೆ ಬಾಳುತ್ತದೆ. ಹಿತ್ತಿಲಲ್ಲಿ ಒರಳುಕಲ್ಲು ಇನ್ನೂ ಉಳಿಸಿಕೊಂಡವರು ಹೂರಣವನ್ನು ಅದಕ್ಕೇ ಬಿಡುವುದು ಒಳ್ಳೆಯದು. ಹೀಗೆ ಹೇಳಿದರೆ ರುಬ್ಬುವ ತೋಳುಗಳು ಯಾರವೆಂದು ಕೇಳುತ್ತಾರೆ, ಕೇಳಲಿ.

ಫಾಲ್ಗುಣದ ಗಾಳಿಗೆ ಏಳುವ ಧೂಳು ಇನ್ನೊಬ್ಬ ಶತ್ರು. ಹಳೆಯ ಫ್ರಿಜ್ಜಿನ ಬೆನ್ನಿಗಿರುವ ಕಪ್ಪು ಜಾಲರಿಯ ಮೇಲೆ ಅದು ಕಂಬಳಿ ಹೊದಿಸಿದಂತೆ ಕೂರುತ್ತದೆ. ಒಳಗಿನ ಬಿಸಿ ಹೊರಬೀಳುವ ದಾರಿಯೇ ಅದು. ಮುಚ್ಚಿದರೆ ಕಂಪ್ರೆಸರಿಗೆ ಬಿಡುವೇ ಇಲ್ಲ, ಮೀಟರಿಗೂ ಇಲ್ಲ. 2023ರಲ್ಲಿ ಶುರುವಾದ ಉಚಿತ ವಿದ್ಯುತ್ತಿನ ‘ಗೃಹಜ್ಯೋತಿ’ ಯೋಜನೆಯಲ್ಲಿ ಬಿಲ್ಲು ಸೊನ್ನೆ ಬರುವುದು ಮನೆಗೆ ಗೊತ್ತುಮಾಡಿದ ಯೂನಿಟ್ಟಿನೊಳಗೆ ಇದ್ದರೆ ಮಾತ್ರ. 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಪ್ಲಗ್ ಕಿತ್ತು ಒಣ ಬ್ರಷ್ಷಿನಿಂದ ಜಾಲರಿ ಉಜ್ಜಲು ಹತ್ತು ನಿಮಿಷ ಸಾಕು. ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ತಡೆಯಿಲ್ಲದೆ ಬಂದರೆ ಗ್ಯಾಸ್ಕೆಟ್ ಸಡಿಲವಾಗಿದೆ. ಇನ್ನು ವೋಲ್ಟೇಜು ಸರಿಯಿದ್ದರೂ ಸದಾ ನಿಧಾನ ತಿರುಗುವ ಫ್ಯಾನಿನಲ್ಲಿ ಬಹುಪಾಲು ಸತ್ತಿರುವುದು ಮೋಟರಲ್ಲ, ಕಂಡೆನ್ಸರು. ಅದಕ್ಕೆ ನೂರು ರೂಪಾಯಿಯೂ ಬೇಡ.

ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಬಾಗಿಲು ತೆಗೆದರೆ ನಾಲ್ಕಾರು ನುಸಿಗುಳಿಗೆ ಉರುಳುತ್ತವೆ. ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿ, ಕಾಂಟ್ಯಾಕ್ಟಿನ ಸಂದಿಗೆ ನುಗ್ಗುವ ಇರುವೆ, ಇವುಗಳಿಗೆ ರೈತರು ಕಂಡುಕೊಂಡ ಮದ್ದು. ವಾಷಿಂಗ್ ಮಷಿನ್ನಿನ ತಳದಿಂದ ಇಲಿ ಹತ್ತಿ ವೈರು ಕಡಿಯುವುದಕ್ಕೆ ಕಬ್ಬಿಣದ ಜಾಲರಿ ಕಟ್ಟಿದವರಿದ್ದಾರೆ.

ಆಮೇಲೆ ನೀರು. ಆಳದ ಬೋರಿನ ಗಡಸು ನೀರು ಸ್ಟೀಲು ತಪ್ಪಲೆಗೂ ಬಿಳಿ ಬಳಿಯುತ್ತದೆ. ನೀರು ಕಾಯಿಸುವ ಕಾಯಿಲ್ಲಿನ ಮೇಲೆ ಕಟ್ಟಿದ ಸುಣ್ಣದ ಹೆಕ್ಕಳೆ ಬಿಸಿಯನ್ನು ನೀರಿಗೆ ಬಿಡದೆ ಕಾಯಿಲ್ಲನ್ನೇ ಸುಡುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಕಾಯಿಲ್ಲಿನ ತುದಿಯನ್ನಷ್ಟೇ ನಿಂಬೆರಸದ ನೀರಿನಲ್ಲಿ ಅದ್ದಿಟ್ಟರೆ ಹೆಕ್ಕಳೆ ನೊರೆಯೆದ್ದು ಕಳಚುತ್ತದೆ. ವಾಷಿಂಗ್ ಮಷಿನ್ನಿಗೆ ನೀರು ಒಳಬರುವ ಪೈಪು ತಿರುಗಿಸಿ ಬಿಚ್ಚಿದರೆ ಒಂದು ಪುಟ್ಟ ಜರಡಿ ಕಾಣುತ್ತದೆ. ‘ಮಷಿನ್ ನೀರೇ ತಗೊಳ್ತಿಲ್ಲ’ ಎಂಬ ದೂರಿಗೆ ಎಷ್ಟೋ ಸಲ ಆ ಜರಡಿಯ ಮರಳೇ ಕಾರಣ. ಹಳೆಯ ಹಲ್ಲುಜ್ಜುವ ಬ್ರಷ್ಷೇ ಇದರ ಮೆಕ್ಯಾನಿಕ್ಕು.

ಇಷ್ಟೆಲ್ಲ ಜೋಪಾನ ಮಾಡಿದರೂ ಅಶ್ವಿನಿ, ಭರಣಿ ಮಳೆಯ ಸಿಡಿಲಿನ ಮುಂದೆ ಪ್ಲಗ್ ಕೀಳುವುದೊಂದೇ ಉಪಾಯ. ಟಿ.ವಿ.ಯ ಡಿಶ್ ವೈರನ್ನೂ ಬಿಚ್ಚಿಡಬೇಕು. ಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದರಂತೂ 230ರ ಜಾಗಕ್ಕೆ 400ರ ಹತ್ತಿರದ ವೋಲ್ಟೇಜು ಮನೆಯೊಳಗೆ ನುಗ್ಗಬಹುದು. ಬೀದಿಯ ಟಿ.ವಿ.ಗಳೆಲ್ಲ ಒಂದೇ ರಾತ್ರಿ ಸುಡುವುದು ಹೀಗೆ. ಬಲ್ಬು ಸಿಕ್ಕಾಪಟ್ಟೆ ಹೊಳೆದರೆ, ಫ್ಯಾನು ಹುಚ್ಚು ಹಿಡಿದಂತೆ ತಿರುಗಿದರೆ ಯೋಚಿಸುತ್ತ ನಿಲ್ಲದೆ ಮೇನ್ ಸ್ವಿಚ್ ಇಳಿಸಿ, ಆಮೇಲೆ ಲೈನ್‌ಮ್ಯಾನಿಗೆ ಫೋನ್ ಮಾಡಿ.

ಕೊನೆಗೊಂದು ಮಾತು, ಇದು ಯಂತ್ರಕ್ಕಿಂತ ಮನುಷ್ಯರನ್ನು ಕುರಿತದ್ದು. ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಜುಂ ಎನ್ನುವುದನ್ನು ‘ಇದು ಯಾವಾಗಲೂ ಹೀಗೇ’ ಎಂದು ಒಪ್ಪಿಕೊಂಡ ಮನೆಗಳು ಬೇಕಾದಷ್ಟಿವೆ. ಪ್ಲಗ್ಗಿನ ಮೂರನೇ ಪಿನ್ನು ಮುರಿದು ಎರಡು ತೂತಿಗೆ ಸಿಕ್ಕಿಸಿದ ಮನೆಗಳೂ ಇವೆ. ದಯವಿಟ್ಟು ಹಾಗೆ ಮಾಡಬೇಡಿ. ಬೇಸಿಗೆಯಲ್ಲಿ ಈ ಕಡೆಯ ನೆಲ ಬಿರಿಯುವಷ್ಟು ಒಣಗುತ್ತದೆ, ಒಣಗಿದ ಮಣ್ಣು ಸೋರಿದ ಕರೆಂಟನ್ನು ಇಳಿಸಿಕೊಳ್ಳುವುದಿಲ್ಲ. ಮೀಟರಿನ ಕೆಳಗಿಂದ ಹೊರಟ ತಂತಿ ನಿಮ್ಮ ಮನೆಯ ಹೊರಗೆ ಯಾವ ಗುಂಡಿಗೆ ಇಳಿದಿದೆಯೆಂದು ನಾಳೆಯೇ ನೋಡಿಕೊಳ್ಳಿ. ಉಪ್ಪು, ಇದ್ದಿಲು ತುಂಬಿದ ಆ ಅರ್ತಿಂಗ್ ಗುಂಡಿಗೆ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ.